ಮುಳ್ಳಿನ ನಡುಕ

ಸಿಮ್ಯುಲೇಟರ್ ನಡೆಸುವ ಕಂಪ್ಯೂಟರಿಗೆ ವಿಮಾನದ ಎತ್ತರ ಕೂದಲೆಳೆಯಷ್ಟೂ ತಪ್ಪದೆ ಗೊತ್ತಿರುತ್ತದೆ. ನಿಜವಾದ ವಿಮಾನದಲ್ಲಿ ಕೂತ ಪೈಲಟ್‌ಗೆ ಅದು ಯಾವತ್ತೂ ಅಷ್ಟು ಸರಿಯಾಗಿ ಗೊತ್ತಾಗುವುದಿಲ್ಲ. ಕಾಕ್‌ಪಿಟ್ಟಿನ ಉಪಕರಣಗಳನ್ನು ತೆರೆಯ ಮೇಲೆ ಮಾಡುವವನು ಈ ಇಬ್ಬರ ನಡುವೆ ಕೂತು ಕೆಲಸ ಮಾಡುತ್ತಾನೆ. ಕಂಪ್ಯೂಟರಿಗೆ ಗೊತ್ತಿರುವುದರಲ್ಲಿ ಎಷ್ಟನ್ನು ಪೈಲಟ್‌ನಿಂದ ಮರೆಮಾಡಬೇಕು ಎಂಬುದೇ ಅವನು ದಿನವೂ ಬಗೆಹರಿಸುವ ಪ್ರಶ್ನೆ.

*

ಡಯಲಿನ ಚಿತ್ರ ಬಿಡಿಸಿದಾಗ ಅರ್ಧ ಕೆಲಸವೂ ಮುಗಿದಿರುವುದಿಲ್ಲ.

*

ಆಲ್ಟಿಮೀಟರಿಗೆ ಎತ್ತರ ಅಂದರೇನೆಂದು ತಿಳಿಯದು. ಅದರ ಹೊಟ್ಟೆಯಲ್ಲಿ ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಬಿಲ್ಲೆಗಳಿವೆ. ಹೊರಗಿನ ಗಾಳಿಯ ಒತ್ತಡ ಇಳಿದರೆ ಅವು ಉಬ್ಬುತ್ತವೆ, ಏರಿದರೆ ಕುಗ್ಗುತ್ತವೆ. ಆ ಕೂದಲಷ್ಟು ಚಲನೆಯನ್ನು ಹಲ್ಲುಚಕ್ರಗಳು ದೊಡ್ಡದು ಮಾಡಿ ಮುಳ್ಳಿಗೆ ಮುಟ್ಟಿಸುತ್ತವೆ. ಅಡಿಗಳ ಅಂಕಿ ಬರೆದವನು ಮನುಷ್ಯ. ಬಿಲ್ಲೆ ಬಲ್ಲದ್ದು ಒತ್ತಡವೊಂದನ್ನೇ.

*

ರಾಣೇಬೆನ್ನೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಮೇಲಿದೆ. ಆ ಸೀಮೆಯ ಕುಪ್ಪೇಲೂರಿನ ಮನೆಯೊಂದರ ಮೇಜಿನ ಮೇಲೆ ಆಲ್ಟಿಮೀಟರ್ ಇಟ್ಟು, ಬೆಳಗ್ಗೆ ಹತ್ತರ ಸುಮಾರಿಗೆ ಸರಿಹೊಂದಿಸಿ, ಮುಟ್ಟದೆ ಬಿಡಿ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಮೇಜು ನೂರು ಅಡಿಯ ಆಸುಪಾಸು ಮೇಲೆ ಹೋಗಿದೆ ಎಂದು ಅದು ಹೇಳುತ್ತದೆ. ರಾತ್ರಿ ಹತ್ತರ ಹೊತ್ತಿಗೆ ಮೇಜು ಮತ್ತೆ ಇಳಿದಿರುತ್ತದೆ. ಉಷ್ಣವಲಯದ ಗಾಳಿಗೆ ದಿನಕ್ಕೆರಡು ಸಲ ಭರತ ಇಳಿತಗಳಿವೆ. ಸಮುದ್ರದಲ್ಲಿ ಅದನ್ನು ಮುಖ್ಯವಾಗಿ ಚಂದ್ರ ನಡೆಸುತ್ತಾನೆ, ಗಾಳಿಯಲ್ಲಿ ಸೂರ್ಯನ ಬಿಸಿಲು ನಡೆಸುತ್ತದೆ. ಅದರಿಂದ ಒತ್ತಡ ಮೂರು ನಾಲ್ಕು ಹೆಕ್ಟೊಪಾಸ್ಕಲ್‌ನಷ್ಟು ಏರಿಳಿಯುತ್ತದೆ, ಒಂದು ಹೆಕ್ಟೊಪಾಸ್ಕಲ್‌ಗೆ ಮೂವತ್ತಡಿಗೆ ಸಮೀಪ. ಒತ್ತಡ ಅಳೆಯುವ ಸಂವೇದಕವಿರುವ ಮೊಬೈಲ್ ಯಾರ ಬಳಿಯಿದ್ದರೂ ಮನೆಯಲ್ಲೇ ಕೂತು ಇದನ್ನು ನೋಡಬಹುದು. ಗೋಡೆ, ಮೇಜು, ಊರು ಯಾವುದೂ ಅಲ್ಲಾಡಿಲ್ಲ. ಆದರೂ ಉಪಕರಣ ಕೆಟ್ಟಿಲ್ಲ. ಇಂಥ ಮಧ್ಯಾಹ್ನವೊಂದನ್ನು ಕಣ್ಣಾರೆ ಕಂಡವನು ಆಲ್ಟಿಮೀಟರ್ ಮಾಡಲು ಕೂತರೆ ಅದರ ಮುಖದ ಬಣ್ಣಕ್ಕಿಂತ ಮೊದಲು ಅದರ ಮೂಲೆಯ ಪುಟ್ಟ ಕಿಟಕಿಯನ್ನು ನೆನೆಯುತ್ತಾನೆ.

*

ಆ ಕಿಟಕಿ ಪಾಲ್ ಕೋಲ್ಸ್‌ಮನ್ 1928ರಲ್ಲಿ ರೂಪಿಸಿದ ಆಲ್ಟಿಮೀಟರಿನದು. ಅವತ್ತಿನ ಒತ್ತಡವನ್ನು ಗುಬ್ಬಿ ತಿರುಗಿಸಿ ಅಲ್ಲಿ ಕೂರಿಸಬೇಕು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ, ತನ್ನ ಆಸನದ ಮೇಲೆ ಹೊದಿಕೆ ಮುಚ್ಚಿಕೊಂಡು, ಹೊರಗಿನದೇನೂ ಕಾಣದೆ, ಉಪಕರಣಗಳನ್ನಷ್ಟೇ ನಂಬಿ ಮೇಲೇರಿ, ಸುತ್ತು ಹೊಡೆದು, ಇಳಿದ. ಕೋಲ್ಸ್‌ಮನ್‌ನ ಆಲ್ಟಿಮೀಟರ್, ಸ್ಪೆರ್ರಿಯ ಕೃತಕ ದಿಗಂತ, ದಿಕ್ಕು ಹಿಡಿಯುವ ಗೈರೊ, ನೆಲದಿಂದ ಬರುವ ರೇಡಿಯೊ ಸಂಕೇತ ಅವನ ಜೊತೆಗಿದ್ದವು. ಮುಂದಿನ ಆಸನದಲ್ಲಿ ಬೆನ್ ಕೆಲ್ಸಿ ಇದ್ದ. ಏನಾದರೂ ಎಡವಟ್ಟಾದರೆ ವಿಮಾನ ಹಿಡಿಯಬೇಕಾದವನು ಅವನು. ಹಿಡಿಯುವ ಪ್ರಸಂಗ ಬರಲಿಲ್ಲ. ಮನೆಯಲ್ಲಿ ಪರದೆ ಹಾಕಿಕೊಂಡು ಸಿಮ್ಯುಲೇಟರ್ ಹಾರಿಸುವ ಪ್ರತಿಯೊಬ್ಬನೂ ಆ ಹೊದಿಕೆಯ ಕೆಳಗೇ ಕೂತಿದ್ದಾನೆ ಎಂದು ನನಗೆ ಅನಿಸುತ್ತದೆ.

*

ಫ್ಲೈಟ್‌ಗೇರ್ ಎಂಬ ಮುಕ್ತ ತಂತ್ರಾಂಶದಲ್ಲಿ ಒಂದು ಮುಳ್ಳು ತಿರುಗಿಸಲು ಎಕ್ಸ್‌ಎಂಎಲ್ ಕಡತದ ಕೆಲವೇ ಸಾಲು ಸಾಕು. ಯಾವ ವಸ್ತು ತಿರುಗಬೇಕು, ಯಾವ ಬಿಂದುವಿನ ಸುತ್ತ, ಯಾವ ಅಕ್ಷದ ಮೇಲೆ, ಯಾವ ಅಂಕಿಯ ಬೆನ್ನು ಹತ್ತಬೇಕು, ಎಷ್ಟಕ್ಕೆ ಎಷ್ಟು ಡಿಗ್ರಿ. ಎತ್ತರಕ್ಕೆ ಅಲ್ಲಿನ ಮಾಹಿತಿಯ ಮರದಲ್ಲಿ ಎರಡು ಅಂಕಿಗಳು ಸಿಗುತ್ತವೆ. ವಿಮಾನ ಇರುವ ಜಾಗವನ್ನು ಹೇಳುವ ಕವಲಿನಲ್ಲಿ ನಿಜವಾದ ಎತ್ತರ. ಉಪಕರಣಗಳ ಕವಲಿನಲ್ಲಿ, ಒತ್ತಡ ಕೊಳವೆಗಳನ್ನು ಹಾದು, ತಡವಾಗಿ, ಕಿಟಕಿಯಲ್ಲಿ ಕೂರಿಸಿದ ಅಂಕಿಗೆ ತಕ್ಕಂತೆ ಬರುವ ಸೂಚಿತ ಎತ್ತರ. ಮುಳ್ಳನ್ನು ಮೊದಲನೆಯದಕ್ಕೆ ಕಟ್ಟಿದರೆ ಚಂದಾಗಿ ತಿರುಗುತ್ತದೆ, ನೋಡಿದವರೆಲ್ಲ ಮೆಚ್ಚುತ್ತಾರೆ. ಎರಡನೆಯದಕ್ಕೆ ಕಟ್ಟಿದರೆ ಅದು ಆಲ್ಟಿಮೀಟರ್ ಆಗುತ್ತದೆ.

*

ಅಕ್ಕಪಕ್ಕದ ಹಿರಿಯರೊಬ್ಬರು ತೆರೆ ನೋಡುತ್ತ ಕೇಳಿದರು: “ತಮ್ಮಾ, ಮುಳ್ಳು ಸುಮ್ನ ನಿಂತ್ರ ಛಲೋ ಅಲ್ಲೇನು? ಯಾಕ ನಡಗಸ್ತಿ ಅದನ್ನ?”

“ಖರೇ ವಿಮಾನದಾಗ ಅದು ನಡಗತೈತ್ರಿ ಕಾಕಾ. ಎಂಜಿನ್ ಅಲ್ಲಾಡಸ್ತೈತಿ.”

ಅವರು ಸ್ವಲ್ಪ ಹೊತ್ತು ನೋಡಿದರು. “ಹೌದ್ ಬಿಡು. ನಮ್ಮ ಹಳೇ ಟ್ರ್ಯಾಕ್ಟರಿನ ಆಯಿಲ್ ಪ್ರೆಷರ್ ಮುಳ್ಳೂ ಹಂಗ. ಅದು ಅಲ್ಲಾಡದಂಗ ನಿಂತ್ರ ಎಂಜಿನ್ ಬಂದ್ ಮಾಡಿ ಕೆಳಗ ಇಳೀತೀವಿ.”

ಉಪಕರಣದ ಬಗ್ಗೆ ನಾನು ಓದಿದ ಯಾವ ಕೈಪಿಡಿಯೂ ಇಷ್ಟು ಚೊಕ್ಕಟವಾಗಿ ಹೇಳಿರಲಿಲ್ಲ. ಬದುಕಿರುವ ಯಂತ್ರದ ಮುಳ್ಳಿಗೆ ಜೀವದ ಗುರುತು ನಡುಕ.

*

ಜೆಟ್ ಎಂಜಿನ್ ಪಿಸ್ಟನ್ ಎಂಜಿನಿನಂತೆ ವಿಮಾನವನ್ನು ಅಲುಗಿಸುವುದಿಲ್ಲ. ಆ ನಯವೇ ತೊಡಕಾಯಿತು: ಆಲ್ಟಿಮೀಟರಿನ ಹಲ್ಲುಚಕ್ರಗಳು ಹಿಡಿದುಕೊಂಡು ನಿಂತು, ಆಮೇಲೆ ಒಮ್ಮೆಲೇ ಜಿಗಿಯತೊಡಗಿದವು. ಕೊನೆಗೆ ಉಪಕರಣದೊಳಗೇ ಒಂದು ಪುಟ್ಟ ಕಂಪಕ ಕೂರಿಸಿದರು. ಹಿಂದೆ ಎಂಜಿನ್ ಬಿಟ್ಟಿಯಾಗಿ ಕೊಡುತ್ತಿದ್ದ ನಡುಕವನ್ನು ಈಗ ವಿದ್ಯುತ್ ಖರ್ಚು ಮಾಡಿ ಹುಟ್ಟಿಸಬೇಕಾಯಿತು. ಸಿಮ್ಯುಲೇಟರ್ ಮಾಡುವವನು ತನ್ನ ವಿಮಾನ ಯಾವ ಬಗೆಯದೆಂದು ಮೊದಲೇ ಕೇಳಿಕೊಳ್ಳಬೇಕು; ಎಲ್ಲ ಮುಳ್ಳುಗಳಿಗೂ ಒಂದೇ ನಡುಕ ಹಚ್ಚಿದರೆ ಅದು ಅಲಂಕಾರ.

*

ಏರಿಳಿತ ಮಾಪಕಕ್ಕೆ ಒಂದು ಸಣ್ಣ ತೂತಿನ ಮೇಲೆ ಬದುಕು. ಬಿಲ್ಲೆಯೊಳಗಿನ ಒತ್ತಡ ಕೂಡಲೇ ಬದಲಾಗುತ್ತದೆ, ಹೊರಗಿನ ಪೆಟ್ಟಿಗೆಯದು ಆ ತೂತಿನ ಮೂಲಕ ನಿಧಾನವಾಗಿ. ಇವೆರಡರ ಅಂತರವನ್ನೇ ಮುಳ್ಳು ತೋರಿಸುತ್ತದೆ. ಏರುವ ಇಲ್ಲವೆ ಇಳಿಯುವ ದರ ಸರಿಯಾಗಿ ಕಾಣಲು ಆರರಿಂದ ಒಂಬತ್ತು ಸೆಕೆಂಡು ಬೇಕು. ಹೊಸಬರು ಅಷ್ಟು ಕಾಯುವುದಿಲ್ಲ. ಮುಳ್ಳಿನ ಬೆನ್ನು ಹತ್ತಿ ಮೂತಿ ಎತ್ತುತ್ತಾರೆ, ಇಳಿಸುತ್ತಾರೆ, ವಿಮಾನ ಅಲೆಯಂತೆ ಹೊರಳುತ್ತದೆ. ಆ ಚಟ ಬಿಡಿಸುವುದು ತರಬೇತುದಾರರ ದೊಡ್ಡ ಕೆಲಸ. ತೆರೆಯ ಮೇಲೆ ತಡಮಾಡದ ಮಾಪಕ ಇಟ್ಟವನು ಕಲಿಯುವವನಿಗೆ ಆ ಪಾಠವನ್ನೇ ತಪ್ಪಿಸಿದ. ತಡವನ್ನು ಬರೆಯಲು ಒಂದು ಸಾಲು ಕೋಡ್ ಸಾಕು. ಬರೆಯಬೇಕು ಎಂದು ಅನ್ನಿಸಲು ಉಪಕರಣವನ್ನು ಬಿಚ್ಚಿ ತಿಳಿದಿರಬೇಕು.

*

ವೇಗ ಇಮ್ಮಡಿಯಾದರೆ ಎದುರುಗಾಳಿ ಹಿಡಿಯುವ ಪಿಟೋ ಕೊಳವೆಯ ಬಾಯಲ್ಲಿ ವೇಗದಿಂದ ಹುಟ್ಟುವ ಒತ್ತಡ ನಾಲ್ಮಡಿಯಾಗುತ್ತದೆ. ಹಾಗಾಗಿ ವೇಗಮಾಪಕದ ಅಂಕಿಗಳು ಡಯಲಿನ ಸುತ್ತ ಸಮ ಅಂತರದಲ್ಲಿ ಕೂರಲು ಒಪ್ಪುವುದಿಲ್ಲ. ಒಂದು ಒಳ್ಳೆಯ ಫೋಟೊ ಹಿಡಿದು, ಕೋನಮಾಪಕ ಇಟ್ಟು, ಒಂದೊಂದೇ ಅಂಕಿಯ ಡಿಗ್ರಿ ಬರೆದುಕೊಂಡು, ಅದನ್ನು ಪಟ್ಟಿಯಾಗಿ ಕಂಪ್ಯೂಟರಿಗೆ ಕೊಡಬೇಕು. ಬೇಸರದ ಕೆಲಸ. ಇದನ್ನು ತಾಳ್ಮೆಯಿಂದ ಮಾಡಿದವರ ಉಪಕರಣವನ್ನು ನಾನು ಮುಳ್ಳು ಚಲಿಸುವ ಮೊದಲೇ ಗುರುತಿಸಬಲ್ಲೆ.

*

ಮೇ ತಿಂಗಳ ಮಧ್ಯಾಹ್ನ, ನೆರಳಲ್ಲೇ 38 ಡಿಗ್ರಿ. ರಾಣೇಬೆನ್ನೂರಿನ ಎತ್ತರದಲ್ಲಿ, ಈ ಬಿಸಿಯಲ್ಲಿ ಗಾಳಿ ತೆಳ್ಳಗಾಗಿರುತ್ತದೆ. ವೇಗಮಾಪಕ 60 ನಾಟ್ ಎನ್ನುವಾಗ ವಿಮಾನ ಗಾಳಿಯಲ್ಲಿ 65ರ ಹತ್ತಿರ ಓಡುತ್ತಿರುತ್ತದೆ. ಇಳಿಯುವಾಗ ನೆಲ ಬೇಗ ಬರುತ್ತದೆ, ರನ್‌ವೇ ಗಿಡ್ಡವಾಗುತ್ತದೆ. ಮುಳ್ಳು ಮಾತ್ರ 60 ಎಂದೇ ಹೇಳಬೇಕು, ಏಕೆಂದರೆ ರೆಕ್ಕೆಗೂ ಗಾಳಿ ಅಷ್ಟೇ ಒತ್ತುತ್ತಿದೆ. ಉಪಕರಣ ರೆಕ್ಕೆಯ ಪಕ್ಷ.

*

ದಿಕ್ಸೂಚಿ ಊರಿಂದ ಊರಿಗೆ ನಡತೆ ಬದಲಿಸುತ್ತದೆ. ಉತ್ತರದ ದೇಶಗಳಲ್ಲಿ ಭೂಕಾಂತದ ಎಳೆತ ಕೆಳಮುಖವಾಗಿ ಬಲವಾಗಿರುವುದರಿಂದ ವಿಮಾನ ತಿರುಗುವಾಗ ದಿಕ್ಸೂಚಿ ಹಿಂದೆ ಬೀಳುತ್ತದೆ, ಇಲ್ಲವೆ ಮುಂದೆ ಓಡುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ಹೋಗುವಾಗ ವೇಗ ಹೆಚ್ಚಿಸಿದರೆ ಸುಮ್ಮನೆ ಉತ್ತರಕ್ಕೆ ವಾಲುತ್ತದೆ. ಇಂಗ್ಲೆಂಡ್, ಅಮೆರಿಕದ ಪಾಠಪುಸ್ತಕಗಳಲ್ಲಿ ಇದಕ್ಕೆ ಬಾಯಿಪಾಠದ ಸೂತ್ರಗಳೇ ಇವೆ. ಕಾಂತಸೂಜಿ ಮಟ್ಟಸ ನಿಲ್ಲುವ ರೇಖೆ ನಮ್ಮ ದಕ್ಷಿಣ ಭಾರತದ ತುದಿಯನ್ನೇ ಹಾದುಹೋಗುತ್ತದೆ. ಕುಪ್ಪೇಲೂರಿನ ಮೇಲೆ ಈ ತಪ್ಪುಗಳೆಲ್ಲ ಬಹಳ ಸಣ್ಣವು. ಲಂಡನ್ನಿನ ತಪ್ಪನ್ನು ಯಥಾವತ್ತು ತಂದು ರಾಣೇಬೆನ್ನೂರಿನ ಆಕಾಶದಲ್ಲಿ ಇಟ್ಟರೆ ಅದು ಸುಳ್ಳು ತಪ್ಪು. ತಪ್ಪಿಗೂ ತನ್ನದೇ ಒಂದು ಊರು ಇದೆ.

*

ಗೈರೊದ ಮಾತೂ ಹಾಗೆಯೇ. ತಿರುಗುವ ಚಕ್ರ ನಕ್ಷತ್ರಗಳ ಕಡೆಗೆ ಮುಖ ಮಾಡಿ ನಿಂತಿರುತ್ತದೆ, ಕೆಳಗೆ ಭೂಮಿ ತಿರುಗುತ್ತಿರುತ್ತದೆ. ಅದರಿಂದಾಗಿ ದಿಕ್ಕು ತೋರಿಸುವ ಗೈರೊ ಧ್ರುವದಲ್ಲಾದರೆ ಗಂಟೆಗೆ 15 ಡಿಗ್ರಿ ಜಾರುತ್ತದೆ, ಲಂಡನ್ನಿನಲ್ಲಿ ಹನ್ನೆರಡಕ್ಕೆ ಸ್ವಲ್ಪ ಕಡಿಮೆ, ನಮ್ಮ ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದಲ್ಲಿ ಮೂರೂ ಮುಕ್ಕಾಲರ ಆಸುಪಾಸು. ಬೇರಿಂಗಿನ ಘರ್ಷಣೆಯಿಂದಾಗುವ ಜಾರುವಿಕೆ ಇದರ ಮೇಲೆ ಬೇರೆ. ಪೈಲಟ್ ಹದಿನೈದು ನಿಮಿಷಕ್ಕೊಮ್ಮೆ ದಿಕ್ಸೂಚಿ ನೋಡಿ ಅದನ್ನು ಸರಿಮಾಡಿಕೊಳ್ಳುತ್ತಾನೆ. ನಾನು ಮಾಡಿದ ಗೈರೊವನ್ನು ನೆಲದ ಮೇಲೆ ನಿಂತ ವಿಮಾನದಲ್ಲಿ ಸುಮ್ಮನೆ ಬಿಟ್ಟು, ಅದು ಇಷ್ಟಿಷ್ಟೇ ಸರಿಯುವುದನ್ನು ನೋಡುವುದು ನನಗೆ ಬಲು ಪ್ರೀತಿಯ ಕೆಲಸ. ಭೂಮಿ ತಿರುಗುವುದನ್ನು ಒಂದು ಡಯಲಿನಲ್ಲಿ ಕಾಣುವುದೆಂದರೆ ಸಣ್ಣ ಸಂಗತಿಯೇ?

*

ಕಣ್ಣು ಕಟ್ಟಿದರೆ ಕಿವಿಯೊಳಗಿನ ಸಮತೋಲದ ಅಂಗ ಸುಳ್ಳು ಹೇಳುತ್ತದೆ. ವಿಮಾನ ಸೆಕೆಂಡಿಗೆ ಎರಡು ಡಿಗ್ರಿಗಿಂತ ನಿಧಾನವಾಗಿ ಒಂದು ಕಡೆ ವಾಲಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆಮೇಲೆ ಸರಿಮಾಡಿದಾಗ, ಸರಿಯಾದದ್ದೇ ವಾಲಿದಂತೆ ಅನಿಸುತ್ತದೆ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಈ ಭ್ರಮೆಗೆ ಬೇಕೆಂದೇ ಒಡ್ಡುವ ಸಿಮ್ಯುಲೇಟರ್ ಇದೆ. ಮೈ ಹೇಳಿದ್ದನ್ನು ಬಿಟ್ಟು ಡಯಲ್ ಹೇಳಿದ್ದನ್ನು ಹಿಡಿಯುವುದು ಮನುಷ್ಯನಿಗೆ ಹುಟ್ಟಿನಿಂದ ಬಂದದ್ದಲ್ಲ. ಕೂರಿಸಿ ಕಲಿಸಬೇಕು.

*

ಹಾಗೆ ಡಯಲನ್ನು ನಂಬಲು ಕಲಿತವನಿಗೆ ಡಯಲೇ ಕೈಕೊಟ್ಟರೆ?

1978ರ ಜನವರಿ 1ರ ರಾತ್ರಿ ಏರ್ ಇಂಡಿಯಾದ ‘ಎಂಪರರ್ ಅಶೋಕ’, ನಮ್ಮ ದೇಶಕ್ಕೆ ಬಂದ ಮೊದಲ 747, ಮುಂಬೈಯಿಂದ ದುಬೈಗೆ ಹೊರಟಿತು. ಮೇಲೇರಿದ ಕೂಡಲೇ ಮುಂದೆ ಅರಬ್ಬಿ ಸಮುದ್ರ, ಕತ್ತಲೆ. ನಿಜವಾದ ದಿಗಂತ ಕಾಣದು. ಕ್ಯಾಪ್ಟನ್ ಮುಂದಿದ್ದ ಕೃತಕ ದಿಗಂತ ಕೆಟ್ಟು, ವಿಮಾನ ಬಲಕ್ಕೆ ವಾಲಿದೆ ಎಂದು ತೋರಿಸುತ್ತ ನಿಂತಿತು. ಅವರು ಎಡಕ್ಕೆ ತಿರುಗಿಸಿದರು. ಡಯಲ್ ಬದಲಾಗಲಿಲ್ಲ. ಇನ್ನಷ್ಟು ಎಡಕ್ಕೆ. ಮೇಲೇರಿ ಎರಡು ನಿಮಿಷವಾಗುವುದರೊಳಗೆ ಬಾಂದ್ರಾ ಕರಾವಳಿಯಾಚೆ ವಿಮಾನ ಸಮುದ್ರಕ್ಕೆ ಬಿತ್ತು. 213 ಜನ, ಒಬ್ಬರೂ ಉಳಿಯಲಿಲ್ಲ. ಕಾಕ್‌ಪಿಟ್ಟಿನಲ್ಲಿ ಬೇರೆ ದಿಗಂತಸೂಚಿಗಳೂ ಇದ್ದವು.

ಕೃತಕ ದಿಗಂತ ಮಾಡುವಾಗ ಈ ರಾತ್ರಿಯನ್ನು ನಾನು ಮರೆಯುವುದಿಲ್ಲ. ಅದು ಕೆಡುವ ಬಗೆಗಳನ್ನೂ ಬರೆಯದೆ ಆ ಉಪಕರಣವನ್ನು ಯಾರಿಗೂ ಕೊಡಬಾರದು ಎಂಬುದು ನನ್ನ ನಂಬಿಕೆ. ಕೆಟ್ಟದ್ದನ್ನು ಪಕ್ಕದವರ ಡಯಲಿಗೆ ಹೋಲಿಸಿ ನೋಡುವ ಅಭ್ಯಾಸ ತೆರೆಯ ಮುಂದೆ ನೂರು ಸಲ ಆಗಿದ್ದರೆ, ಕತ್ತಲಲ್ಲಿ ನೂರಾ ಒಂದನೆಯ ಸಲ ಕಣ್ಣು ತಾನೇ ಅತ್ತ ಹೊರಳುತ್ತದೆ.

*

ಗೈರೊ ಚಕ್ರ ನಿಲ್ಲುವುದೂ ಒಮ್ಮೆಲೇ ಅಲ್ಲ. ಸಣ್ಣ ವಿಮಾನಗಳಲ್ಲಿ ಎಂಜಿನ್ ನಡೆಸುವ ಪಂಪು ಗಾಳಿ ಎಳೆದು ಅದನ್ನು ತಿರುಗಿಸುತ್ತದೆ. ಪಂಪು ಮುರಿದರೆ ಚಕ್ರ ನಿಮಿಷಗಟ್ಟಲೆ ನಿಧಾನವಾಗುತ್ತ ಹೋಗುತ್ತದೆ, ದಿಗಂತ ನಂಬುವಷ್ಟು ಮೆಲ್ಲಗೆ ಓರೆಯಾಗುತ್ತದೆ. ಅದಕ್ಕೇ ತಿರುವು ತೋರಿಸುವ ಇನ್ನೊಂದು ಉಪಕರಣವನ್ನು ವಿದ್ಯುತ್ತಿನಿಂದ ನಡೆಸುತ್ತಾರೆ: ಒಂದು ಮೂಲ ಹೋದರೆ ಇನ್ನೊಂದು ಇರಲಿ ಎಂದು. ಕರೆಂಟು ಹೋಗಿ ಬರುವ ಊರಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

*

ಕಣಜ ಕೊಳವೆಯ ಬಾಯಿ ಕಂಡರೆ ಬಿಡುವುದಿಲ್ಲ, ಮಣ್ಣಿನ ಗೂಡು ಕಟ್ಟುತ್ತದೆ. ನಮ್ಮ ಹಿತ್ತಲಿನಲ್ಲೂ ಅಷ್ಟೇ, ವಿಮಾನ ನಿಲ್ದಾಣದಲ್ಲೂ ಅಷ್ಟೇ. 1996ರ ಫೆಬ್ರುವರಿಯಲ್ಲಿ ಡೊಮಿನಿಕನ್ ಗಣರಾಜ್ಯದಿಂದ ಹೊರಟ ಬಿರ್ಗೆನ್‌ಏರ್ 757 ಬಿದ್ದು 189 ಜನ ಸತ್ತರು. ಪಿಟೋ ಕೊಳವೆ ಮುಚ್ಚಿಹೋಗಿತ್ತು; ಕಣಜದ ಗೂಡೇ ಇರಬೇಕೆಂದು ತನಿಖೆ ಶಂಕಿಸಿತು. ಕೊಳವೆಯ ಬಾಯಿಯೂ ನೀರು ಬಸಿಯುವ ತೂತೂ ಎರಡೂ ಮುಚ್ಚಿದರೆ ವೇಗಮಾಪಕ ಆಲ್ಟಿಮೀಟರಿನಂತೆ ನಡೆದುಕೊಳ್ಳುತ್ತದೆ: ಮೇಲೇರಿದಷ್ಟೂ ವೇಗ ಹೆಚ್ಚು ತೋರಿಸುತ್ತದೆ. ವೇಗ ಹೆಚ್ಚಾಯಿತೆಂದು ಪೈಲಟ್ ಮೂತಿ ಎತ್ತುತ್ತಾನೆ, ವಿಮಾನ ಇನ್ನೂ ನಿಧಾನವಾಗುತ್ತದೆ. ಕೊಳವೆಗಳನ್ನು ಒಂದೊಂದಾಗಿ ಕಂಪ್ಯೂಟರಿನೊಳಗೆ ಕಟ್ಟಿದ್ದರೆ ಈ ನಡತೆಯನ್ನು ಬೇರೆಯಾಗಿ ಬರೆಯಬೇಕಾಗಿಲ್ಲ. ತೂತು ಮುಚ್ಚಿದರೆ ಸಾಕು, ಉಳಿದದ್ದು ತಾನೇ ಆಗುತ್ತದೆ. ಮೂಲದಿಂದ ಕಟ್ಟಿದ ಕೆಲಸಕ್ಕೆ ಸಿಗುವ ಸಂತೋಷ ಇದು.

*

ಎಡ್ವಿನ್ ಲಿಂಕ್ ಆರ್ಗನ್ ವಾದ್ಯ ಮಾಡುವ ಮನೆಯ ಹುಡುಗ. ತಿದಿ, ಕವಾಟ, ಗಾಳಿಯ ಹದ ಅವನ ಕೈಗೆ ಬಾಲ್ಯದಿಂದ ಗೊತ್ತು. 1929ರಲ್ಲಿ ಅದೇ ತಿದಿಗಳ ಮೇಲೆ ಮೊಂಡು ರೆಕ್ಕೆಯ ಪುಟ್ಟ ವಿಮಾನ ಕೂರಿಸಿ, ನೆಲದ ಮೇಲೇ ವಾಲಿಸಿ ತಿರುಗಿಸುವ ಯಂತ್ರ ಮಾಡಿದ. ಮೊದಲು ಕೊಂಡವರು ಮನರಂಜನಾ ಪಾರ್ಕಿನವರು. 1934ರಲ್ಲಿ ಮೋಡದಲ್ಲಿ ಟಪಾಲು ಸಾಗಿಸುತ್ತ ಸಾಲು ಸಾಲಾಗಿ ಸೈನ್ಯದ ಪೈಲಟ್‌ಗಳು ಸತ್ತಮೇಲೆ ಅಮೆರಿಕದ ಸೈನ್ಯ ಆರು ಯಂತ್ರ ಕೊಂಡಿತು. ಆಟಿಕೆಗೂ ಪಾಠಶಾಲೆಗೂ ನಡುವೆ ಇದ್ದದ್ದು ಒಂದು ಉಪಕರಣ ಫಲಕ ಮಾತ್ರ. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದನ್ನು ಮಕ್ಕಳಾಟ ಎನ್ನುವವರಿಗೆ ನಾನು ಲಿಂಕ್‌ನ ಹೆಸರು ಹೇಳುತ್ತೇನೆ.

*

1947ರಲ್ಲಿ ಸಂಶೋಧಕರಾದ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್, ಪೈಲಟ್‌ಗಳು ಉಪಕರಣ ಓದುವಲ್ಲಿ ಮಾಡಿದ 270 ತಪ್ಪುಗಳನ್ನು ಕೂಡಿಸಿ ಪರಿಶೀಲಿಸಿದರು. ಮೂರು ಮುಳ್ಳಿನ ಆಲ್ಟಿಮೀಟರನ್ನು ತಪ್ಪು ಓದುವುದು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ನೂರರ ಮುಳ್ಳು, ಸಾವಿರದ ಮುಳ್ಳು, ಹತ್ತು ಸಾವಿರದ ಮುಳ್ಳು ಒಂದರ ಮೇಲೊಂದು ಬಂದಾಗ ದಣಿದ ಕಣ್ಣು ಸೋಲುತ್ತದೆ. ತಪ್ಪು ಪೈಲಟ್‌ನದೆಂದು ಬರೆದಿಟ್ಟ ಎಷ್ಟೋ ಕಡೆ ತಪ್ಪು ಡಯಲ್ ಬರೆದವನದಾಗಿತ್ತು. ಹಳೆಯ ವಿಮಾನದ ಪ್ರತಿ ಮಾಡುವಾಗ ಓದಲು ಸುಲಭವಾಗಲಿ ಎಂದು ಆ ಮುಳ್ಳುಗಳನ್ನು ತಿದ್ದುವ ಆಸೆ ಆಗುತ್ತದೆ. ತಿದ್ದಬಾರದು. ಆ ಕಾಲದವರು ಎಂಥ ಕಷ್ಟದೊಳಗೆ ಹಾರಿದರು ಎಂಬುದಕ್ಕೆ ಅದೇ ಸಾಕ್ಷಿ.

*

ಬ್ರಿಟಿಷ್ ವಾಯುಪಡೆ 1937ರಲ್ಲಿ ಆರು ಉಪಕರಣಗಳಿಗೆ ಒಂದು ಜಾಗ ಗೊತ್ತುಮಾಡಿತು. ಅದರಲ್ಲಿ ಆಲ್ಟಿಮೀಟರ್ ಕೆಳಗೆ ಎಡಕ್ಕೆ. ಮುಂದೆ ಬಂದ ವಿನ್ಯಾಸದಲ್ಲಿ ಅದು ಮೇಲೆ ಬಲಕ್ಕೆ. ವಾಲುವಿಕೆಯನ್ನು ತೋರಿಸಲು ಪಶ್ಚಿಮದವರು ದಿಗಂತವನ್ನು ತಿರುಗಿಸಿದರು, ಸೋವಿಯತ್ ವಿನ್ಯಾಸಕರು ಹಲವು ವಿಮಾನಗಳಲ್ಲಿ ಪುಟ್ಟ ವಿಮಾನದ ಗುರುತನ್ನೇ ತಿರುಗಿಸಿದರು. ಎರಡೂ ಕಡೆಯ ವಿಮಾನಗಳನ್ನು ಹಾರಿಸಿದ ನಮ್ಮವರು ಕಣ್ಣಿನ ಅಭ್ಯಾಸವನ್ನೇ ಬದಲಿಸಿಕೊಳ್ಳಬೇಕಾಯಿತು.

*

ಮುಳ್ಳನ್ನು ಡಯಲಿನ ಚಿತ್ರದ ಮೇಲೆಯೇ ಬರೆಯಬಾರದು. ಎರಡರ ನಡುವೆ ಒಂದೆರಡು ಮಿಲಿಮೀಟರ್ ಗಾಳಿ ಇರಲಿ, ಮೇಲೆ ಗಾಜು ಇರಲಿ. ಆಗ ಪಕ್ಕದ ಆಸನದಿಂದ ನೋಡಿದವನಿಗೆ ಮುಳ್ಳು ಬೇರೆ ಅಂಕಿಯ ಮೇಲೆ ಕಾಣುತ್ತದೆ, ಕಾಣಬೇಕು. ಬೋಧಕ ಮತ್ತು ಶಿಷ್ಯ ಒಂದೇ ಡಯಲಿನಲ್ಲಿ ಎರಡು ಅಂಕಿ ಓದುವುದು ನಿಜದ ಕಾಕ್‌ಪಿಟ್ಟಿನ ಮಾತು.

*

ಹಳೆಯ ಡಯಲುಗಳ ಅಂಕಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಅದರ ಕಿರಣ ಬಿದ್ದು ಹೊಳೆಯುತ್ತಿದ್ದ ಪುಡಿ ಕೆಲವೇ ದಶಕಗಳಲ್ಲಿ ಸಾಯುತ್ತದೆ. ಇಂದು ವಸ್ತುಸಂಗ್ರಹಾಲಯದಲ್ಲಿ ಅಂಥ ಡಯಲ್ ಕಂದುಗಟ್ಟಿ, ಬೆಳಕಿಲ್ಲದೆ ಕೂತಿದೆ, ವಿಕಿರಣ ಮಾತ್ರ ಹಾಗೇ ಇದೆ. ಅದರ ಫೋಟೊ ನೋಡಿ ಕಂದು ಅಂಕಿ ಬರೆದವನು ವಿಮಾನದ ಮುಪ್ಪನ್ನು ಬರೆದ. ಹೊಳೆಯುವ ಅಂಕಿ ಬರೆದವನು ಕಾರ್ಖಾನೆಯಿಂದ ಹೊರಬಂದ ದಿನವನ್ನು ಬರೆದ. ಸ್ವಿಚ್ಚಿನ ಸುತ್ತ ಬೆರಳು ತಾಗಿ ತಾಗಿ ಸವೆದ ಕಪ್ಪು ಬಣ್ಣ, ಒಂದು ತಿರುಪು ಮಾತ್ರ ಹೊಸದು, ಇವೆಲ್ಲ ಯಾವ ವರ್ಷದವು? ಕೆಲಸ ಶುರುಮಾಡುವ ಮೊದಲೇ ವಿಮಾನದ ಆಯುಷ್ಯದಲ್ಲಿ ಒಂದು ದಿನವನ್ನು ಆರಿಸಿಕೊಳ್ಳಬೇಕು. ನಾನು ಯಾವಾಗಲೂ ನಡುವಯಸ್ಸಿನ ದಿನವನ್ನು ಆರಿಸುತ್ತೇನೆ, ದುಡಿಯುತ್ತಿದ್ದ ದಿನವನ್ನು.

*

1990ರ ಫೆಬ್ರುವರಿ 14ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಇಳಿಯಬೇಕಿದ್ದ ಇಂಡಿಯನ್ ಏರ್‌ಲೈನ್ಸ್‌ನ ಎ320 ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಜನ ಸತ್ತರು. ವಿಮಾನದ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್‌ಗಳನ್ನು ಐಡಲ್‌ನಲ್ಲಿ ಇಟ್ಟು ಇಳಿಸುವ ಕ್ರಮದಲ್ಲಿತ್ತು. ತಿಳಿಯುವ ಹೊತ್ತಿಗೆ ತಡವಾಗಿತ್ತು. ಅಲ್ಲಿಯವರೆಗಿನ ಹೆಚ್ಚಿನ ವಿಮಾನಗಳಲ್ಲಿ ಆಟೊಥ್ರಾಟಲ್ ಶಕ್ತಿ ಇಳಿಸಿದರೆ ಕೈಯಡಿಯ ಲಿವರ್ ತಾನೇ ಹಿಂದೆ ಸರಿಯುತ್ತಿತ್ತು, ಅಂಗೈಗೆ ಸುದ್ದಿ ಮುಟ್ಟುತ್ತಿತ್ತು. ಎ320ರಲ್ಲಿ ಲಿವರ್ ಸರಿಯುವುದಿಲ್ಲ. ಸುದ್ದಿ ತೆರೆಯ ಮೇಲೆ ಕೆಲವು ಅಕ್ಷರಗಳಾಗಿ ಬರುತ್ತದೆ. ಆ ತೆರೆಯನ್ನು ಸಿಮ್ಯುಲೇಟರಿಗೆ ಮಾಡುವವರು ಆ ಅಕ್ಷರಗಳನ್ನು ಅಲಂಕಾರವೆಂದು ಬಿಟ್ಟುಬಿಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಎಲ್ಲಕ್ಕಿಂತ ಮೊದಲು ಬರೆಯಬೇಕಾದದ್ದು ಅವನ್ನೇ.

*

ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರುವ ಮೊದಲೇ ಅದರ ಪೈಲಟ್‌ಗಳು ಅದೇ ಊರಿನ ಎಡಿಇ ಪ್ರಯೋಗಾಲಯದ ಸಿಮ್ಯುಲೇಟರಿನಲ್ಲಿ ಅದನ್ನು ಹಾರಿಸಿ ನೋಡಿದ್ದರು. ಇನ್ನೂ ಹುಟ್ಟದ ವಿಮಾನಕ್ಕೆ ಉಪಕರಣಗಳು ಮೊದಲು ಹುಟ್ಟಿದ್ದವು. ಎಚ್‌ಎಎಲ್ ಮತ್ತು ಸಿಎಇ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಹ್ಯಾಟ್ಸಾಫ್ ಎಂಬ ಹೆಲಿಕಾಪ್ಟರ್ ತರಬೇತಿ ಕೇಂದ್ರದಲ್ಲಿ ಒಂದು ಕಾಕ್‌ಪಿಟ್ ತೆಗೆದು ಇನ್ನೊಂದನ್ನು ಕೂರಿಸಬಹುದು. ಧ್ರುವ್ ಹೆಲಿಕಾಪ್ಟರಿನ ಕಾಕ್‌ಪಿಟ್ ಕೂಡ ಅಲ್ಲಿ ಸಿಗುತ್ತದೆ. ಇವೆಲ್ಲ ಕೋಟಿಗಟ್ಟಲೆಯ ಯಂತ್ರಗಳು. 1997ರಿಂದ ಫ್ಲೈಟ್‌ಗೇರ್ ಬರೆಯುತ್ತಿರುವವರು ಮಾತ್ರ ತಮ್ಮ ಕೆಲಸವನ್ನು ಬಿಟ್ಟಿ ಹಂಚುತ್ತಾರೆ. ಬೇರೆಯವರು ಮಾಡಿದ ಮುಳ್ಳನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ಮತ್ತೆ ಹಂಚಬಹುದು. ಕುಪ್ಪೇಲೂರಿನಂಥ ಊರಿನ ಹುಡುಗ ಹುಡುಗಿಯರು ಹಳೆಯ ಕಂಪ್ಯೂಟರೊಂದರಲ್ಲಿ ಭೌತಶಾಸ್ತ್ರ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಒತ್ತಡ, ಘರ್ಷಣೆ, ಭೂಕಾಂತ, ಭೂಮಿಯ ತಿರುಗು, ಎಲ್ಲವೂ ಒಂದೊಂದು ಡಯಲಿನ ಹಿಂದೆ ಕಾದು ಕೂತಿವೆ.

*

ಕೈಯಿಂದ ಮುಟ್ಟುವ ಫಲಕ ಬೇಕೆನ್ನುವವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುತ್ತಾರೆ. ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ತಂತಿ, ಕಾರಿನ ಮೀಟರಿನಲ್ಲಿ ಬಳಸುವ ಪುಟ್ಟ ಸ್ಟೆಪರ್ ಮೋಟಾರ್. ನಿಜದ ಉಪಕರಣ ಕೂರಿಸಲು ಫಲಕದಲ್ಲಿ ಕೊರೆಯುವ ತೂತು ಮೂರೂ ಕಾಲಿಗೆ ತುಸು ಕಡಿಮೆ ಇಂಚು, ಸುಮಾರು 80 ಮಿಲಿಮೀಟರ್. ಆ ಮೋಟಾರ್ 315 ಡಿಗ್ರಿ ತಿರುಗಿ ತಡೆಗೆ ತಾಗಿ ನಿಲ್ಲುತ್ತದೆ. ವೇಗಮಾಪಕಕ್ಕೆ ಸಾಕು. ಸುತ್ತು ಸುತ್ತು ಬರಬೇಕಾದ ಆಲ್ಟಿಮೀಟರಿಗೆ ಸಾಲದು, ಅದಕ್ಕೆ ತಡೆಯಿಲ್ಲದ್ದು ಬೇಕು.

*

ಸಿಮ್ಯುಲೇಟರಿನೊಳಗಿನ ಗುಡ್ಡಬೆಟ್ಟಗಳ ಎತ್ತರ ಬಹುಪಾಲು ಬಂದದ್ದು 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ರಾಡಾರ್ ಹಿಡಿದು ಭೂಮಿ ಸುತ್ತಿದ್ದರಿಂದ. ಹುಬ್ಬಳ್ಳಿಯಿಂದ ಏರಿ ದಕ್ಷಿಣಕ್ಕೆ ಬಂದರೆ ಕುಪ್ಪೇಲೂರಿನ ನೆಲದ ಏರಿಳಿತ ಸರಿಯಾಗಿಯೇ ಇದೆ, ಮನೆಗಳಿಲ್ಲ. ಗೋವಿನಜೋಳ, ಹತ್ತಿ ಬೆಳೆದ ಹೊಲಗಳು ಒಂದೇ ಹಸಿರು ಚೌಕ. ಆದರೂ ನಾನು ಅಲ್ಲೇ ಹಾರುತ್ತೇನೆ. ಉಪಕರಣ ಪರೀಕ್ಷಿಸಲು ನೆಲದ ಎತ್ತರ ಬಾಯಿಪಾಠ ಇರುವ ಊರೇ ವಾಸಿ.

*

ಎನ್‌ಎಎಲ್ ರೂಪಿಸಿದ ಹನ್ಸಾ ತರಬೇತಿ ವಿಮಾನದ ಹೊಸ ಮಾದರಿ 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾರಿತು. ಅದರಲ್ಲಿ ದುಂಡು ಡಯಲುಗಳ ಬದಲು ಗಾಜಿನ ತೆರೆ. ಹೊಸ ಪೈಲಟ್‌ಗಳು ಇನ್ನು ಇದನ್ನೇ ಓದುತ್ತಾರೆ, ಇದು ಒಳ್ಳೆಯದೇ; ಕೆಡುವ ಭಾಗಗಳು ಕಡಿಮೆ. ನನಗಿರುವುದು ಒಂದೇ ಕೊರಗು. ಅಂಕಿಯನ್ನು ಓದಬೇಕು, ಮುಳ್ಳನ್ನು ಓದದೆಯೂ ಕಾಣಬಹುದು. ಕಣ್ಣಂಚಿನಲ್ಲೇ ಮುಳ್ಳು ಎಷ್ಟು ಬೇಗ ಬೀಳುತ್ತಿದೆ ಎಂದು ತಿಳಿಯುತ್ತದೆ.

*

ಎಚ್‌ಟಿ-2. ವಿ.ಎಂ. ಘಾಟಗೆ ಅವರ ತಂಡ ಬೆಂಗಳೂರಿನಲ್ಲಿ ರೂಪಿಸಿದ ತರಬೇತಿ ವಿಮಾನ, 1951ರ ಆಗಸ್ಟ್ 5ರಂದು ಮೊದಲ ಹಾರಾಟ. ಒಂದರ ಹಿಂದೊಂದು ಎರಡು ಆಸನ, ಮುಂದೆ ಪಿಸ್ಟನ್ ಎಂಜಿನ್. ವಾಯುಪಡೆ ಸೇರಿ ಬೀದರ್‌ಗೆ ಬಂದ ಎಷ್ಟೋ ಹುಡುಗರು ಮೊದಲು ಕೈ ಇಟ್ಟದ್ದು ಇದರ ಕಡ್ಡಿಯ ಮೇಲೆ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಅದನ್ನು ಸುತ್ತಿ ನೋಡಬಹುದು. ನಾನೀಗ ಮಾಡುತ್ತಿರುವುದು ಅದರ ಫಲಕವನ್ನು.

ಆಕಾರ, ಅಳತೆ, ಬಣ್ಣ ಫೋಟೊದಿಂದ ಸಿಗುತ್ತದೆ. ಚಳಿಗಾಲದ ಮುಂಜಾವಿನಲ್ಲಿ ಎಂಜಿನ್ ಹೊತ್ತಿದಾಗ ಆಯಿಲ್ ಪ್ರೆಷರಿನ ಮುಳ್ಳು ಹೇಗೆ ಎದ್ದಿತು, ಎಲ್ಲಿ ತಡೆಯಿತು, ಯಾವ ಗುಬ್ಬಿ ಬಿಗಿ, ಯಾವುದು ಸಡಿಲ, ಏರುವಾಗ ಯಾವ ಡಯಲ್ ಓದಲಾರದಷ್ಟು ನಡುಗುತ್ತಿತ್ತು, ಇದು ಯಾವ ಫೋಟೊದಲ್ಲೂ ಇಲ್ಲ. ಅದು ಆ ವಿಮಾನಗಳನ್ನು ದಿನಾಲೂ ಸಜ್ಜುಗೊಳಿಸಿದ ಮೆಕ್ಯಾನಿಕ್‌ಗಳಿಗೆ, ಅದರಲ್ಲಿ ಕಲಿಸಿದ ಬೋಧಕರಿಗೆ ಗೊತ್ತು. ಅವರಲ್ಲಿ ಬಹಳ ಜನ ಈಗ ಎಪ್ಪತ್ತು, ಎಂಬತ್ತು ದಾಟಿದವರು. ಬೀದರ್‌ನಲ್ಲೋ ಬೆಂಗಳೂರಿನಲ್ಲೋ ನಮ್ಮ ಹಾವೇರಿ ಜಿಲ್ಲೆಯ ಯಾವುದೋ ಹಳ್ಳಿಯಲ್ಲೋ ನಿವೃತ್ತರಾಗಿ ಇದ್ದಾರೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥವರಿದ್ದರೆ ಈ ವರ್ಷವೇ ಹತ್ತಿರ ಕೂತು ಕೇಳಿ, ಮೊಬೈಲಿನಲ್ಲಿ ಅವರ ಮಾತು ಹಿಡಿದಿಡಿ. ಯಾವ ಮುಳ್ಳು, ಎಷ್ಟರ ಮೇಲೆ, ಹೇಗೆ ನಡುಗುತ್ತಿತ್ತು ಎಂದು ಕೇಳಿ.